ಲೆಕ್ಕ ಬರೆದವರೇ ತಪಾಸಣೆ ಮಾಡಿದರೆ: ರಸ್ಟ್‌ನ ಟೆಸ್ಟ್ ಹೆಲ್ಪರ್‌ಗಳ ಕುರಿತು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯನ್ನು ಪರಿಚಯಿಸುವ ಲೇಖನವನ್ನು ಓದಿ ಸಂತೋಷಪಟ್ಟೆ. ಗ್ರೇಡನ್ ಹೋರ್ ಅವರು 2006ರ ಸುಮಾರಿಗೆ ಸ್ವಂತ ಆಸಕ್ತಿಯಿಂದ ಆರಂಭಿಸಿದ, ಆಮೇಲೆ ಮೊಝಿಲ್ಲಾದ ಆಶ್ರಯದಲ್ಲಿ ಬೆಳೆದು 2015ರ ಮೇ 15ರಂದು 1.0 ಆವೃತ್ತಿಯಾಗಿ ಹೊರಬಂದ ಈ ಭಾಷೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಇನ್ನೂ ವಿರಳ. ಆದರೆ ಅದೇ ಲೇಖನದ ಕೊನೆಯಲ್ಲಿ, ರಸ್ಟ್‌ನಲ್ಲಿ ಬರೆದ ಪ್ರೋಗ್ರಾಂ ಕಂಪೈಲ್ ಆಯಿತೆಂದರೆ (ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಿರುಗಿತೆಂದರೆ) ಅದರ ಮಟ್ಟಿಗೆ ಚಿಂತೆ ಬಿಡಬಹುದು ಎಂಬರ್ಥದ ಮಾತೊಂದಿದೆ. ಆ ಮಾತು ನನ್ನನ್ನು ಈ ಪತ್ರ ಬರೆಯಲು ಕೂರಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ. ವಿಷಯ ಒಂದೆರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ನಾನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ನೆಟ್‌ವರ್ಕ್ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿರುವವಳು. ಸಂಬಳದ ಕೆಲಸ ಮುಗಿದ ಮೇಲೆ, ನಾವು ನಾಲ್ಕು ಮಂದಿ ಪರಿಚಿತರು ಸೇರಿ ರಸ್ಟ್‌ನಲ್ಲಿ ಒಂದು ಬಿಟ್‌ಟೊರೆಂಟ್ ಕ್ಲೈಂಟ್ (ಬಳಕೆದಾರರ ಕಂಪ್ಯೂಟರ್‌ಗಳೇ ಕಡತಗಳನ್ನು ತುಂಡುತುಂಡಾಗಿ ಪರಸ್ಪರ ಹಂಚಿಕೊಳ್ಳಲು ಬಳಸುವ ಪ್ರೋಗ್ರಾಂ) ಬರೆದು ಕೆಲವು ವರ್ಷಗಳಿಂದ ನೋಡಿಕೊಂಡು ಬರುತ್ತಿದ್ದೇವೆ. ಟೊರೆಂಟ್ ಎಂದ ಕೂಡಲೇ ಬಿಡುಗಡೆಯ ದಿನವೇ ಸೋರಿಹೋದ ಸಿನಿಮಾಗಳು ಓದುಗರಿಗೆ ನೆನಪಾಗುವುದು ಸಹಜ, ಪತ್ರಿಕೆಗಳಲ್ಲಿ ಆ ಹೆಸರು ಬರುವುದೇ ಅಂಥ ಸುದ್ದಿಯ ಜೊತೆಗೆ. ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಈ ವಿಧಾನವನ್ನೇ ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಗಳನ್ನು ಹಂಚುವುದಕ್ಕೂ, ಇಂಟರ್‌ನೆಟ್ ಆರ್ಕೈವ್‌ನ ಸಂಗ್ರಹಗಳನ್ನು ಇಳಿಸಿಕೊಳ್ಳುವುದಕ್ಕೂ ಜನ ಬಳಸುತ್ತಾರೆ ಎಂಬುದನ್ನು ಇಲ್ಲಿಗೇ ಹೇಳಿ ಮುಂದೆ ಹೋಗುತ್ತೇನೆ.

ರಸ್ಟ್‌ನ ಕಂಪೈಲರ್ ನಿಜಕ್ಕೂ ಬಿಗಿಯಾದದ್ದು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಒಂದೇ ಜಾಗವನ್ನು ಎರಡು ಥ್ರೆಡ್‌ಗಳು (ಪ್ರೋಗ್ರಾಂನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳು) ಹೇಳದೆ ಕೇಳದೆ ಏಕಕಾಲಕ್ಕೆ ತಿದ್ದುವುದು, ಇಂಥ ತಪ್ಪುಗಳನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಆದರೆ ಎದುರಿನ ಕಂಪ್ಯೂಟರ್ ನಮ್ಮಿಂದ ಯಾವ ಬೈಟನ್ನು ಯಾವ ಕ್ರಮದಲ್ಲಿ ನಿರೀಕ್ಷಿಸುತ್ತಿದೆ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ಬಿಟ್‌ಟೊರೆಂಟ್‌ನಲ್ಲಿ ಎರಡು ಪಿಯರ್‌ಗಳು, ಅಂದರೆ ಕಡತ ಹಂಚಿಕೊಳ್ಳುವ ಕಂಪ್ಯೂಟರ್‌ಗಳು, ಮೊದಲು ವಿನಿಮಯ ಮಾಡಿಕೊಳ್ಳುವ ಪರಿಚಯದ ಸಂದೇಶವಾದ ಹ್ಯಾಂಡ್‌ಶೇಕ್ ಸರಿಯಾಗಿ 68 ಬೈಟ್ ಇರುತ್ತದೆ: 19 ಎಂಬ ಸಂಖ್ಯೆಗೆ ಒಂದು ಬೈಟ್, ಪ್ರೋಟೊಕಾಲ್‌ನ (ಈ ಮಾತುಕತೆಯ ನಿಯಮಾವಳಿಯ) ಹೆಸರಿಗೆ 19 ಬೈಟ್, ಕಾಯ್ದಿರಿಸಿದ 8 ಬೈಟ್, ಟೊರೆಂಟ್‌ನ ಗುರುತಿಗೆ 20, ಪಿಯರ್‌ನ ಗುರುತಿಗೆ 20. ಇದರ ಕೊನೆಯ ಎರಡು ಭಾಗಗಳನ್ನು ಹಿಂದುಮುಂದು ಮಾಡಿ ಬರೆದರೂ ಕಂಪೈಲರ್ ತಕರಾರು ಮಾಡುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ 20 ಬೈಟ್ ಎಂದರೆ 20 ಬೈಟ್, ಅಷ್ಟೆ. ಆ ಕೊರತೆಯನ್ನು ತುಂಬುವುದು ಟೆಸ್ಟ್‌ಗಳು (ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂಗಳು), ಮತ್ತು ಟೆಸ್ಟ್‌ಗಳನ್ನು ಹೊತ್ತು ನಿಂತಿರುವುದು ಟೆಸ್ಟ್ ಹೆಲ್ಪರ್ ಎಂದು ನಾವು ಕರೆಯುವ ಸಹಾಯಕ ಕೋಡ್.

ಹೆಲ್ಪರ್ ಎಂದರೇನು ಎಂದು ಈ ಕೆಲಸದ ಹೊರಗಿನವರಿಗೆ ಒಂದು ಮಾತು. ನಮ್ಮ ಕ್ಲೈಂಟನ್ನು ಪರೀಕ್ಷಿಸಲು ಪ್ರತಿ ಸಲವೂ ಹೊರಗಿನ ನಿಜವಾದ ಪಿಯರ್‌ಗಳನ್ನು ಹುಡುಕಿಕೊಂಡು ಹೋಗಲಾಗುವುದಿಲ್ಲ. ಆದ್ದರಿಂದ ಟೆಸ್ಟ್‌ನೊಳಗೇ ಒಂದು ನಕಲಿ ಪಿಯರನ್ನು ನಿಲ್ಲಿಸಿ, ಅದಕ್ಕೊಂದು ನಕಲಿ ಟೊರೆಂಟ್ ಕೊಟ್ಟು, ಇದು ಕೇಳಿದರೆ ಅದು ಕೊಡು, ಇಲ್ಲಿ ಸುಮ್ಮನಿರು, ಇಲ್ಲಿ ನಡುವೆಯೇ ಸಂಪರ್ಕ ಕಡಿದುಹಾಕು ಎಂದು ಹೇಳಿಕೊಡುತ್ತೇವೆ. ನಕಲಿ ಪಿಯರನ್ನು ಎಬ್ಬಿಸುವ, ಟೊರೆಂಟ್ ತಯಾರಿಸುವ, ತಾತ್ಕಾಲಿಕ ಫೋಲ್ಡರ್ ಮಾಡಿ ಕೊನೆಗೆ ಅಳಿಸುವ ಫಂಕ್ಷನ್‌ಗಳೇ ಹೆಲ್ಪರ್‌ಗಳು. ಇವುಗಳನ್ನು ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ. ಅವಸರಕ್ಕೆ ಬರೆದು, ಮುಂದಿನ ಟೆಸ್ಟ್ ಕಡತಕ್ಕೆ ನಕಲು ಮಾಡಿ, ಅಲ್ಲಿ ಎರಡು ಸಾಲು ಬದಲಿಸಿ ಮುಂದೆ ಹೋಗುತ್ತೇವೆ. ನಮ್ಮಲ್ಲೂ ಅದೇ ಆಗಿತ್ತು. ಹ್ಯಾಂಡ್‌ಶೇಕ್ ಕಟ್ಟುವ ಫಂಕ್ಷನ್ ಹನ್ನೊಂದು ಕಡತಗಳಲ್ಲಿ ಹನ್ನೊಂದು ರೂಪದಲ್ಲಿತ್ತು. ಹೊಸ ಬಗೆಯ ಸಂದೇಶಗಳಿಗೆ ದಾರಿ ಮಾಡಿಕೊಡುವ ವಿಸ್ತರಣಾ ಪ್ರೋಟೊಕಾಲ್‌ಗೆ ನಾವು ಬೆಂಬಲ ಸೇರಿಸಿದಾಗ ಕಾಯ್ದಿರಿಸಿದ ಎಂಟು ಬೈಟ್‌ಗಳ ಪೈಕಿ ಆರನೆಯದರಲ್ಲಿ ಒಂದು ಬಿಟ್ ಹಚ್ಚಬೇಕಾಗಿ (ಸೊನ್ನೆಯಿಂದ ಒಂದು ಮಾಡಬೇಕಾಗಿ) ಬಂತು. ಹನ್ನೊಂದರಲ್ಲಿ ಒಂಬತ್ತನ್ನು ತಿದ್ದಿ ಎರಡನ್ನು ಮರೆತೆವು. ಆ ಎರಡು ಕಡತಗಳ ಟೆಸ್ಟ್‌ಗಳು ತಿಂಗಳುಗಟ್ಟಲೆ ಹಳೆಯ ಕಾಲದ ಪಿಯರ್ ಜೊತೆಗೆ ಮಾತಾಡಿಕೊಂಡು ತೇರ್ಗಡೆಯ ಹಸಿರು ತೋರಿಸುತ್ತಲೇ ಇದ್ದವು. ಅವು ತಪ್ಪು ಹೇಳುತ್ತಿರಲಿಲ್ಲ, ಆದರೆ ನಾವು ಕೇಳಿದ್ದೇವೆ ಎಂದುಕೊಂಡ ಪ್ರಶ್ನೆಗೆ ಅವು ಉತ್ತರ ಕೊಡುತ್ತಲೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ನಾವು ಹೊಸ ಸೌಲಭ್ಯಗಳನ್ನೆಲ್ಲ ಬದಿಗಿಟ್ಟು ಹೆಲ್ಪರ್‌ಗಳನ್ನಷ್ಟೇ ತಿದ್ದಲು ಕೂತೆವು. ಆಗ ಕಂಡದ್ದನ್ನು ಹೇಳುವುದೇ ಈ ಪತ್ರದ ಉದ್ದೇಶ.

ಮೊದಲು ಕೈಗೆ ಸಿಕ್ಕಿದ್ದು ನಕಲಿ ಟೊರೆಂಟ್ ತಯಾರಿಸುವ ಹೆಲ್ಪರ್. ಅದನ್ನು ಬರೆದವಳು ನಾನೇ. ಕಡತದ ಗಾತ್ರ ಒಂದು ಮೆಬಿಬೈಟ್, ಪ್ರತಿ ತುಂಡು 256 ಕಿಬಿಬೈಟ್, ಸರಿಯಾಗಿ ನಾಲ್ಕು ತುಂಡು. ಲೆಕ್ಕಕ್ಕೆ ಸಲೀಸು ಎಂದು ಆರಿಸಿಕೊಂಡ ಅಂಕಿ ಅದು, ಮತ್ತು ಆ ಸಲೀಸೇ ತೊಂದರೆಯ ಮೂಲ. ಲೋಕದಲ್ಲಿರುವ ಕಡತಗಳು ತುಂಡಿನ ಗಾತ್ರಕ್ಕೆ ಸರಿಯಾಗಿ ಭಾಗವಾಗುವುದು ಅಪರೂಪ. ಕಡತ 10,00,000 ಬೈಟ್ ಇದ್ದರೆ ಮೂರು ಪೂರ್ತಿ ತುಂಡುಗಳಾದ ಮೇಲೆ 2,13,568 ಬೈಟ್‌ಗಳ ನಾಲ್ಕನೆಯ ತುಂಡು ಉಳಿಯುತ್ತದೆ. ಆ ತುಂಡನ್ನು ವಾಡಿಕೆಯಂತೆ 16,384 ಬೈಟ್‌ಗಳ ಬ್ಲಾಕ್‌ಗಳಾಗಿ ಕೇಳುತ್ತ ಹೋದರೆ ಹದಿಮೂರು ಬ್ಲಾಕ್‌ಗಳ ನಂತರ ಕೊನೆಗೆ 576 ಬೈಟ್ ಮಾತ್ರ ಬಾಕಿ. ಈ ಕೊನೆಯ ಚೂರಿನ ಲೆಕ್ಕದಲ್ಲಿ ತಪ್ಪುವುದು ಬಿಟ್‌ಟೊರೆಂಟ್ ಬರೆಯುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು. ನಾವೂ ಮಾಡಿದ್ದೆವು, ಆದರೆ ನಮ್ಮ ಅಷ್ಟೂ ಟೆಸ್ಟ್‌ಗಳು ಅದೇ ದುಂಡು ಅಂಕಿಯ ಟೊರೆಂಟನ್ನು ಬಳಸುತ್ತಿದ್ದುದರಿಂದ ಅದು ಟೆಸ್ಟ್‌ಗಳಿಗೆ ಸಿಗದೆ ಬಳಕೆದಾರರೊಬ್ಬರಿಗೆ ಸಿಕ್ಕಿತು.

ಅದೇ ಹೆಲ್ಪರ್‌ನಲ್ಲಿ ಇನ್ನೊಂದು ಕೊಂಕಿತ್ತು. ಯಾವ ಯಾವ ತುಂಡುಗಳು ತನ್ನ ಬಳಿ ಇವೆ ಎಂದು ಪಿಯರ್ ತಿಳಿಸುವ ಬಿಟ್‌ಫೀಲ್ಡ್ ಸಂದೇಶದಲ್ಲಿ ತುಂಡಿಗೊಂದು ಬಿಟ್. ನಾಲ್ಕು ತುಂಡಿಗೆ 11110000 ಎಂಬ ಒಂದು ಬೈಟ್ ಹೋಗಬೇಕು, ಉಳಿಕೆಯ ಬಿಟ್‌ಗಳು ಸೊನ್ನೆಯಾಗಿರಬೇಕು ಎಂದು ನಿಯಮವಿದೆ. ನಮ್ಮ ನಕಲಿ ಪಿಯರ್ ಎಂಟೂ ಬಿಟ್‌ಗಳನ್ನು ಹಚ್ಚಿ ಕಳಿಸುತ್ತಿತ್ತು. ಕ್ಲೈಂಟ್ ಈ ತಪ್ಪನ್ನು ಹಿಡಿದು ಸಂಪರ್ಕ ಕಡಿಯಬೇಕೆಂದು ನಾವು ಒಂದು ದಿನ ಸರಿಯಾದ ಕೋಡ್ ಬರೆದ ಕೂಡಲೇ ಹತ್ತಾರು ಟೆಸ್ಟ್‌ಗಳು ಸೋತು ಕೆಂಪಾದವು, ಮತ್ತು ಆ ದಿನ ನಾವು ಸರಿಯಾದ ಕೋಡನ್ನೇ ಹಿಂತೆಗೆದುಕೊಂಡೆವು. ಹೆಲ್ಪರ್ ತಪ್ಪಿರಬಹುದೆಂಬ ಯೋಚನೆ ನಮಗೆ ಯಾರಿಗೂ ಬರಲಿಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕಾದ ಪ್ರಸಂಗ. ನಮ್ಮ ನಾಲ್ವರಲ್ಲಿ ಕಿರಿಯವನೊಬ್ಬ ಬಹಳ ಚುರುಕು. ಹಳೆಯ ನಕಲಿ ಪಿಯರ್ ತನ್ನ ಸಂದೇಶಗಳನ್ನು ಬೈಟ್‌ಬೈಟಾಗಿ ಕೈಯಲ್ಲಿ ಬರೆದ ಪಟ್ಟಿಗಳಿಂದ ಕಳಿಸುತ್ತಿದ್ದುದನ್ನು ನೋಡಿ ಅವನಿಗೆ ಕಸಿವಿಸಿಯಾಯಿತು. ಕ್ಲೈಂಟ್‌ನಲ್ಲೇ ಸಂದೇಶಗಳನ್ನು ಬೈಟ್‌ಗಳಾಗಿ ಬರೆಯುವ ಅಚ್ಚುಕಟ್ಟಾದ ಮಾಡ್ಯೂಲ್ ಇದೆಯಲ್ಲ, ಅದನ್ನೇ ನಕಲಿ ಪಿಯರ್ ಕೂಡ ಬಳಸಲಿ ಎಂದು ಒಂದು ಭಾನುವಾರ ಕೂತು ನೂರಾರು ಸಾಲುಗಳನ್ನು ತೆಗೆದುಹಾಕಿದ. ರಾತ್ರಿ ಫೋನ್ ಮಾಡಿ, "ಅಕ್ಕಾ, ಎಲ್ಲ ಹಸಿರು ಬಂದಿದೆ, ಒಂದು ಸಲ ನೋಡಿ ಒಪ್ಪಿಗೆ ಕೊಟ್ಟುಬಿಡಿ" ಎಂದ. ನೋಡಿದೆ, ಮೆಚ್ಚಿದೆ, ಒಪ್ಪಿಗೆ ಕೊಟ್ಟೆ. ಒಂದೇ ವಿಷಯವನ್ನು ಎರಡು ಕಡೆ ಬರೆಯಬಾರದೆಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ.

ಕೆಲವು ವಾರಗಳ ನಂತರ ಡಿಎಚ್‌ಟಿಗೆ ಬೆಂಬಲ ಸೇರಿಸಿದೆವು. ಟ್ರ್ಯಾಕರ್ (ಪಿಯರ್‌ಗಳ ಪಟ್ಟಿ ಇಟ್ಟುಕೊಳ್ಳುವ ಸರ್ವರ್) ಇಲ್ಲದೆಯೇ ಪಿಯರ್‌ಗಳನ್ನು ಹುಡುಕಿಕೊಳ್ಳುವ ಈ ವ್ಯವಸ್ಥೆ 2002ರಲ್ಲಿ ಪೇಟಾರ್ ಮೇಮುಂಕೋವ್ ಮತ್ತು ಡೇವಿಡ್ ಮಾಜಿಯೆರ್ ವಿವರಿಸಿದ ಕಡೆಮ್ಲಿಯಾ ಎಂಬ ಕ್ರಮದ ಮೇಲೆ ನಿಂತಿದೆ. ನನ್ನ ಡಿಎಚ್‌ಟಿ ಇಂಥ ಯುಡಿಪಿ ಪೋರ್ಟ್‌ನಲ್ಲಿದೆ (ನೆಟ್‌ವರ್ಕ್ ಸಂದೇಶಗಳು ಬಂದು ಸೇರುವ, ಸಂಖ್ಯೆಯುಳ್ಳ ಬಾಗಿಲಿನಲ್ಲಿದೆ) ಎಂದು ಪಿಯರ್‌ಗೆ ತಿಳಿಸಲು ಪೋರ್ಟ್ ಎಂಬ ಪುಟ್ಟ ಸಂದೇಶವಿದೆ. ಒಟ್ಟು ಏಳೇ ಬೈಟ್. ಪೋರ್ಟ್ ಸಂಖ್ಯೆ 6881 ಆದರೆ ತಂತಿಯ ಮೇಲೆ ಹೋಗಬೇಕಾದದ್ದು 0, 0, 0, 3, 9, 26, 225: ಉದ್ದ ಮೂರು, ಸಂದೇಶದ ಸಂಖ್ಯೆ ಒಂಬತ್ತು, ಆಮೇಲೆ ಪೋರ್ಟ್‌ನ ದೊಡ್ಡ ಬೈಟ್ ಮೊದಲು, ಚಿಕ್ಕ ಬೈಟ್ ನಂತರ. ನಮ್ಮ ಮಾಡ್ಯೂಲ್ ಬರೆದದ್ದು ಕೊನೆಯ ಎರಡನ್ನು ಅದಲುಬದಲು ಮಾಡಿ, 225, 26 ಎಂದು. ಓದುವ ಕೋಡೂ ಅದೇ ಕೈಯಿಂದ, ಅದೇ ತಪ್ಪು ತಿಳಿವಳಿಕೆಯಿಂದ ಬರೆದದ್ದಾದ್ದರಿಂದ ಅದೇ ಅದಲುಬದಲು ಅಲ್ಲಿಯೂ ಇತ್ತು. ನಕಲಿ ಪಿಯರ್ ಅದೇ ಮಾಡ್ಯೂಲ್‌ನಿಂದ ಬರೆಯಿತು, ಕ್ಲೈಂಟ್ ಅದರಿಂದಲೇ ಓದಿತು, 6881 ಹೋಗಿ 6881 ಬಂತು, ಟೆಸ್ಟ್ ಹಸಿರಾಯಿತು. ಹೊರಗಿನ ಲೋಕ ಮಾತ್ರ ಆ ಎರಡು ಬೈಟ್‌ಗಳನ್ನು ನಿಯಮದಂತೆ ಓದಿ, ನಮ್ಮನ್ನು 57626ನೇ ಪೋರ್ಟ್‌ನಲ್ಲಿ ಹುಡುಕುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ಏನೂ ಒಡೆಯಲಿಲ್ಲ, ಯಾವ ದೋಷದ ಸಂದೇಶವೂ ಬರಲಿಲ್ಲ. ಟ್ರ್ಯಾಕರ್ ಮೂಲಕ ಪಿಯರ್‌ಗಳು ಸಿಗುತ್ತಿದ್ದುದರಿಂದ ಡೌನ್‌ಲೋಡ್‌ಗಳೂ ನಡೆಯುತ್ತಿದ್ದವು. "ಡಿಎಚ್‌ಟಿ ಯಾಕೋ ಮಂಕಾಗಿದೆ ಅಕ್ಕಾ" ಎಂದು ಅವನೇ ಒಂದು ದಿನ ಹೇಳಿದಾಗ, ನೆಟ್‌ವರ್ಕ್ ಸಂಚಾರವನ್ನು ತೋರಿಸುವ ವೈರ್‌ಶಾರ್ಕ್ ತೆರೆದು ತಂತಿಯ ಮೇಲೆ ಹೋಗುತ್ತಿರುವ ಬೈಟ್‌ಗಳನ್ನು ಒಂದೊಂದಾಗಿ ನೋಡಿದ ಮೇಲಷ್ಟೇ ವಿಷಯ ತಿಳಿಯಿತು. ಲೆಕ್ಕ ಬರೆದವರ ಕೈಗೇ ಲೆಕ್ಕ ತಪಾಸಣೆಯನ್ನೂ ಕೊಟ್ಟರೆ ಕೂಡಿಸಿದ ಮೊತ್ತ ಯಾವಾಗಲೂ ತಾಳೆಯಾಗುತ್ತದೆ. ನಮ್ಮ ಹೆಲ್ಪರ್ ಆ ಸ್ಥಿತಿಗೆ ಬಂದಿತ್ತು, ಅದೂ ನಾವು ಸುಧಾರಣೆ ಎಂದುಕೊಂಡು ಮಾಡಿದ ಬದಲಾವಣೆಯಿಂದ.

ಕೋಡನ್ನು ತಿದ್ದುವಾಗ ಪುನರಾವರ್ತನೆ ಕಂಡಲ್ಲೆಲ್ಲ ಅಳಿಸುವುದು ನಮ್ಮ ಕಸುಬಿನಲ್ಲಿ ಬಹುತೇಕ ಅಭ್ಯಾಸವಾಗಿಹೋಗಿದೆ. ಹ್ಯಾಂಡ್‌ಶೇಕ್‌ನ ಹನ್ನೊಂದು ನಕಲುಗಳು ಒಂದಾಗಬೇಕಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಲೈಂಟ್‌ನಲ್ಲಿ ಒಮ್ಮೆ, ನಕಲಿ ಪಿಯರ್‌ನಲ್ಲಿ ಇನ್ನೊಮ್ಮೆ ಬರೆದ ಪ್ರೋಟೊಕಾಲ್ ಪುನರಾವರ್ತನೆಯಲ್ಲ, ಅವು ಎರಡು ಸ್ವತಂತ್ರ ಸಾಕ್ಷಿಗಳು. ಈಗ ನಮ್ಮ ನಕಲಿ ಪಿಯರ್ ಕ್ಲೈಂಟ್‌ನ ಯಾವ ಕೋಡನ್ನೂ ಬಳಸುವುದಿಲ್ಲ. ಅದಕ್ಕೆ ತಿಳಿದಿರುವುದು ಬಿಟ್‌ಟೊರೆಂಟ್‌ನ ಪ್ರಕಟಿತ ನಿಯಮಾವಳಿ ಮತ್ತು ಬೈಟ್‌ಗಳು ಮಾತ್ರ. ಅದರೊಳಗಿನ ಪಟ್ಟಿಗಳನ್ನು ನಿಯಮಾವಳಿ ಎದುರಿಗಿಟ್ಟುಕೊಂಡು ಕೈಯಲ್ಲೇ ಮತ್ತೆ ಬರೆದೆವು. ಮೇಲೆ ಹೇಳಿದ ಏಳು ಬೈಟ್‌ಗಳೂ ಅದರಲ್ಲಿವೆ.

ಈ ನಿರ್ಧಾರ ಅನಿರೀಕ್ಷಿತವಾಗಿ ಇನ್ನೊಂದು ಗಂಟನ್ನೂ ಬಿಚ್ಚಿತು. ರಸ್ಟ್ ಪ್ರೋಗ್ರಾಂಗಳನ್ನು ಕಟ್ಟಿ ಓಡಿಸುವ ಕಾರ್ಗೋ ವ್ಯವಸ್ಥೆ ಬಲ್ಲವರಿಗೆ ಗೊತ್ತಿರುವಂತೆ, ಟೆಸ್ಟ್ಸ್ ಎಂಬ ಫೋಲ್ಡರ್‌ನಲ್ಲಿ ನೇರವಾಗಿ ಇರುವ ಪ್ರತಿಯೊಂದು ಕಡತವೂ ಪ್ರತ್ಯೇಕ ಕ್ರೇಟ್ (ರಸ್ಟ್ ಕೋಡ್‌ನ ಸ್ವತಂತ್ರ ಘಟಕ) ಆಗಿ ಕಂಪೈಲ್ ಆಗುತ್ತದೆ. ಹಂಚಿಕೊಳ್ಳುವ ಹೆಲ್ಪರ್‌ಗಳನ್ನು ಕಾಮನ್ ಎಂಬ ಉಪಫೋಲ್ಡರ್‌ನಲ್ಲಿ ಇಟ್ಟು ಪ್ರತಿ ಕಡತವೂ ಅದನ್ನು ಒಳಗೆ ಸೇರಿಸಿಕೊಳ್ಳುವುದು ಎಲ್ಲರೂ ಮೊದಲು ಹಿಡಿಯುವ ದಾರಿ. ಆಗ ಹೆಲ್ಪರ್‌ಗಳು ಕಡತಕ್ಕೊಮ್ಮೆ ಮತ್ತೆ ಮತ್ತೆ ಕಂಪೈಲ್ ಆಗುವುದಲ್ಲದೆ, ಒಂದು ಕಡತ ಬಳಸದ ಹೆಲ್ಪರ್‌ಗಳ ಬಗ್ಗೆಯೆಲ್ಲ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಅದನ್ನು ಬಾಯಿ ಮುಚ್ಚಿಸಲು ಒಂದು ಸಾಲು ಸೇರಿಸಿದರೆ, ನಿಜವಾಗಿ ಯಾರಿಗೂ ಬೇಡವಾದ ಹೆಲ್ಪರ್‌ಗಳೂ ಅಲ್ಲೇ ಬಿದ್ದಿರುತ್ತವೆ. ನಮ್ಮಲ್ಲಿ ಅಂಥವು ಏಳಿದ್ದವು.

ಸರಿ, ಹೆಲ್ಪರ್‌ಗಳನ್ನೇ ಒಂದು ಸ್ವತಂತ್ರ ಕ್ರೇಟ್ ಮಾಡಿ, ಅಭಿವೃದ್ಧಿಗೆ ಮಾತ್ರ ಬೇಕಾದ ಅವಲಂಬನೆಯಾಗಿ ಸೇರಿಸೋಣ ಎಂದು ಹೊರಟರೆ ಬೇರೊಂದು ವಿಚಿತ್ರ ಎದುರಾಯಿತು. ಹೆಲ್ಪರ್ ಕ್ರೇಟ್ ನಮ್ಮ ಕ್ಲೈಂಟ್ ಕ್ರೇಟನ್ನು ಅವಲಂಬಿಸಿತ್ತು, ಕ್ಲೈಂಟ್‌ನ ಒಳಗಿನ ಯೂನಿಟ್ ಟೆಸ್ಟ್‌ಗಳು (ಬಿಡಿ ಭಾಗಗಳ ಟೆಸ್ಟ್‌ಗಳು) ಹೆಲ್ಪರ್ ಕ್ರೇಟನ್ನು ಬಳಸುತ್ತಿದ್ದವು. ಈ ಸುತ್ತನ್ನು ಕಾರ್ಗೋ ನಿರಾಕರಿಸುವುದಿಲ್ಲ. ಆದರೆ ಯೂನಿಟ್ ಟೆಸ್ಟ್‌ಗಾಗಿ ಕ್ಲೈಂಟ್ ಒಮ್ಮೆ ಟೆಸ್ಟ್ ರೂಪದಲ್ಲಿ ಕಂಪೈಲ್ ಆಗುತ್ತದೆ, ಹೆಲ್ಪರ್‌ಗಾಗಿ ಇನ್ನೊಮ್ಮೆ ಸಾಮಾನ್ಯ ರೂಪದಲ್ಲಿ. ಒಂದೇ ಹೆಸರಿನ ಎರಡು ಹ್ಯಾಂಡ್‌ಶೇಕ್ ಟೈಪ್‌ಗಳು (ದತ್ತಾಂಶದ ಬಗೆಗಳು) ಹುಟ್ಟಿ, ಬೇಕಾಗಿದ್ದದ್ದು ಹ್ಯಾಂಡ್‌ಶೇಕ್, ಸಿಕ್ಕಿದ್ದು ಹ್ಯಾಂಡ್‌ಶೇಕ್, ಇವೆರಡೂ ಹೊಂದುವುದಿಲ್ಲ ಎಂದು ಕಂಪೈಲರ್ ತಕರಾರು ಮಾಡುತ್ತದೆ. ಆ ಸಂದೇಶವನ್ನು ಮೊದಲ ಸಲ ಓದಿದಾಗ ನಿದ್ದೆಗಣ್ಣಿನಲ್ಲಿ ಓದುತ್ತಿದ್ದೇನೇನೋ ಎನಿಸಿತು. ಹೆಲ್ಪರ್‌ಗಳನ್ನು ಒಂದು ಫೀಚರ್ (ಬೇಕಾದಾಗ ಮಾತ್ರ ಸೇರಿಸಿಕೊಳ್ಳುವ ಭಾಗ) ಹಿಂದೆ ಅಡಗಿಸಿ ಕ್ಲೈಂಟ್ ಒಳಗೇ ಇಡುವವರಿದ್ದಾರೆ. ಆಗ ಟೆಸ್ಟ್‌ಗೆಂದು ಬರೆದದ್ದು ಹೊರಗಿನವರ ಕೈಗೂ ಸಿಗುವ ಸಾಧ್ಯತೆ ಇರುವುದರಿಂದ ನನಗದು ಇಷ್ಟವಾಗಲಿಲ್ಲ. ನಕಲಿ ಪಿಯರ್ ಬೈಟ್‌ಗಳನ್ನು ಮಾತ್ರ ಬಲ್ಲದು ಎಂದಾದ ಮೇಲೆ ಹೆಲ್ಪರ್ ಕ್ರೇಟಿಗೆ ಕ್ಲೈಂಟ್‌ನ ಹಂಗೇ ಉಳಿಯಲಿಲ್ಲ, ಸುತ್ತು ತಾನಾಗಿ ಕಡಿದುಹೋಯಿತು.

ಹಸಿರು ಎಷ್ಟು ಸುಲಭವಾಗಿ ಮೋಸ ಮಾಡುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡಲೇಬೇಕು, ಏಕೆಂದರೆ ರಸ್ಟ್‌ನಲ್ಲಿ ನೆಟ್‌ವರ್ಕ್ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಹಲವು ಕೆಲಸಗಳನ್ನು ಒಟ್ಟಿಗೆ ನಡೆಸಲು ಬಳಸುವ ಟೋಕಿಯೋ ಲೈಬ್ರರಿಗೆ ಸಂಬಂಧಿಸಿದ್ದು ಇದು. ನಕಲಿ ಪಿಯರ್ ಒಂದು ಪ್ರತ್ಯೇಕ ಟಾಸ್ಕ್ ಆಗಿ ಓಡುತ್ತಿರುತ್ತದೆ. ಕ್ಲೈಂಟ್ ತಪ್ಪು ಸಂದೇಶ ಕಳಿಸಿದರೆ ಆ ಟಾಸ್ಕ್‌ನೊಳಗಿನ ತಪಾಸಣೆ ವಿಫಲವಾಗಿ ಅದು ಪ್ಯಾನಿಕ್ ಆಗಬೇಕು (ದೋಷ ಸಾರಿ ನಿಲ್ಲಬೇಕು), ಟೆಸ್ಟ್ ಸೋಲಬೇಕು ಎಂಬುದು ನಮ್ಮ ಎಣಿಕೆ. ಆದರೆ ಟಾಸ್ಕ್‌ನೊಳಗಿನ ಪ್ಯಾನಿಕ್ಕನ್ನು ಟೋಕಿಯೋ ಅಲ್ಲೇ ಹಿಡಿದು, ಆ ಟಾಸ್ಕ್‌ನ ಫಲಿತಾಂಶ ಕೇಳಲೆಂದು ಕೊಟ್ಟಿರುವ ಹ್ಯಾಂಡಲ್‌ನಲ್ಲಿ ಇಡುತ್ತದೆ. ಹ್ಯಾಂಡಲನ್ನು ಯಾರಾದರೂ ಕಾದು ಕೇಳಿದರೆ ಸುದ್ದಿ ಸಿಗುತ್ತದೆ, ಕೇಳದೆ ಬಿಸಾಡಿದರೆ ಸುದ್ದಿಯೂ ಅದರ ಜೊತೆ ಹೋಗುತ್ತದೆ. ನಮ್ಮ ಹೆಲ್ಪರ್ ಪಿಯರನ್ನು ಎಬ್ಬಿಸಿ ಹ್ಯಾಂಡಲನ್ನು ಬಿಸಾಡಿ, ವಿಳಾಸವನ್ನಷ್ಟೇ ಹಿಂತಿರುಗಿಸುತ್ತಿತ್ತು. ಅಂದರೆ ನಕಲಿ ಪಿಯರ್‌ನೊಳಗೆ ನಾವು ಎಚ್ಚರಿಕೆಯಿಂದ ಬರೆದಿದ್ದ ತಪಾಸಣೆಗಳು ಎಷ್ಟು ಕಿರುಚಿದರೂ ಹೊರಗೆ ಕೇಳಿಸುತ್ತಿರಲಿಲ್ಲ. ಈಗ ಹೆಲ್ಪರ್ ಒಂದು ಪಿಯರ್ ವಸ್ತುವನ್ನೇ ಕೊಡುತ್ತದೆ, ಟೆಸ್ಟ್‌ನ ಕೊನೆಯಲ್ಲಿ ಅದರ ಮುಗಿಸು ಎಂಬ ಫಂಕ್ಷನ್ ಕರೆದು ಕಾಯಬೇಕು, ಆಗ ಒಳಗಿನ ಪ್ಯಾನಿಕ್ ಹೊರಗೆ ಬರುತ್ತದೆ. ಈ ಬದಲಾವಣೆ ಮಾಡಿದ ಮರುಕ್ಷಣ ನಾಲ್ಕು ಟೆಸ್ಟ್‌ಗಳು ಕೆಂಪಾದವು. ಅವು ನಮಗೆ ತಿಳಿಯದೆ ಎಷ್ಟು ದಿನಗಳಿಂದ ಸೋಲುತ್ತಿದ್ದವೋ.

ವಸ್ತು ನಾಶವಾಗುವಾಗ ತಾನಾಗಿ ಓಡುವ ಡ್ರಾಪ್‌ನಲ್ಲೇ ಈ ಕೆಲಸ ಮಾಡಬಾರದೇ ಎಂದು ಬಲ್ಲ ಓದುಗರು ಕೇಳಬಹುದು. ಡ್ರಾಪ್‌ನೊಳಗೆ ಅಸಿಂಕ್ ಕೆಲಸಕ್ಕಾಗಿ ಕಾಯಲು ಭಾಷೆ ಅವಕಾಶ ಕೊಡುವುದಿಲ್ಲ. ಮೇಲಾಗಿ, ಒಂದು ಪ್ಯಾನಿಕ್ ಆಗಿ ವಸ್ತುಗಳು ಒಂದೊಂದಾಗಿ ನಾಶವಾಗುತ್ತಿರುವಾಗ ಡ್ರಾಪ್‌ನೊಳಗೆ ಇನ್ನೊಂದು ಪ್ಯಾನಿಕ್ ಆದರೆ ಇಡೀ ಪ್ರೋಗ್ರಾಂ ಅಲ್ಲಿಗೇ ನಿಂತುಹೋಗುತ್ತದೆ, ಅದರ ಜೊತೆ ಆ ಕಡತದ ಉಳಿದ ಟೆಸ್ಟ್‌ಗಳೂ. ತಾತ್ಕಾಲಿಕ ಫೋಲ್ಡರ್ ಅಳಿಸುವಂಥ ಸಣ್ಣ ಕೆಲಸಕ್ಕೆ ಡ್ರಾಪ್ ಸಾಕು, ತೀರ್ಪು ಹೇಳುವ ಕೆಲಸಕ್ಕೆ ಅದು ತಕ್ಕದ್ದಲ್ಲ.

ಪೋರ್ಟ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಬಿಟ್‌ಟೊರೆಂಟ್‌ಗೆ ವಾಡಿಕೆಯ ಪೋರ್ಟ್‌ಗಳು 6881ರಿಂದ 6889; ನಮ್ಮ ಹಳೆಯ ಟೆಸ್ಟ್‌ಗಳು 6881 ಎಂದೇ ಬರೆದಿದ್ದವು. ಒಂದು ಕಡತದ ಟೆಸ್ಟ್‌ಗಳನ್ನು ರಸ್ಟ್ ಏಕಕಾಲಕ್ಕೆ ಹಲವು ಥ್ರೆಡ್‌ಗಳಲ್ಲಿ ಓಡಿಸುವುದರಿಂದ ಒಂದು ಸೀಟಿಗೆ ಇಬ್ಬರು ಟವೆಲ್ ಹಾಕಿದಂತಾಗುತ್ತಿತ್ತು. ಪೋರ್ಟ್ 0 ಕೇಳಿದರೆ ಆಪರೇಟಿಂಗ್ ಸಿಸ್ಟಂ ಖಾಲಿ ಇರುವ ಯಾವುದೋ ಒಂದನ್ನು ಕೊಡುತ್ತದೆ, ಸಿಕ್ಕಿದ್ದು ಯಾವುದೆಂದು ಆಮೇಲೆ ಕೇಳಿ ತಿಳಿದುಕೊಂಡರಾಯಿತು.

ಕಾಯುವ ವಿಷಯ ಅಷ್ಟು ಸುಲಭದ್ದಲ್ಲ. ಕ್ಲೈಂಟ್ ಸಂಪರ್ಕ ಸಾಧಿಸಲಿ ಎಂದು 200 ಮಿಲಿಸೆಕೆಂಡ್ ನಿದ್ದೆ ಮಾಡುವ ಸಾಲು ನಮ್ಮ ಹೆಲ್ಪರ್‌ಗಳ ತುಂಬ ಇತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಹೆಚ್ಚಾಗುತ್ತಿತ್ತು, ಟೆಸ್ಟ್ ಓಡಿಸುವ ಬಾಡಿಗೆ ಸರ್ವರ್‌ನಲ್ಲಿ ಒಮ್ಮೊಮ್ಮೆ ಸಾಲುತ್ತಿರಲಿಲ್ಲ; ಸಾಲದಿದ್ದಾಗ ಯಾರೋ ಒಬ್ಬರು ಮತ್ತೊಮ್ಮೆ ಓಡಿಸುವ ಗುಂಡಿ ಒತ್ತುತ್ತಿದ್ದರು. ಗುಂಡಿ ಒತ್ತುವುದು ರೂಢಿಯಾದ ಮೇಲೆ ನಿಜವಾದ ಸೋಲು ಬಂದರೂ ಅದಕ್ಕೂ ಅದೇ ಗುಂಡಿ. ಟೋಕಿಯೋದಲ್ಲಿ ಟೆಸ್ಟ್‌ಗಾಗಿ ಗಡಿಯಾರವನ್ನೇ ನಿಲ್ಲಿಸುವ ಸೌಲಭ್ಯವಿದೆ. ಮಾಡಲು ಬೇರೆ ಕೆಲಸವಿಲ್ಲದಾಗ ಅದು ಗಡಿಯಾರವನ್ನು ಮುಂದಿನ ಟೈಮರ್‌ವರೆಗೆ ತಾನೇ ಓಡಿಸುತ್ತದೆ. ಪಿಯರ್‌ಗಳು ಸಾಮಾನ್ಯವಾಗಿ ಸಂಪರ್ಕ ಕಡಿಯದಂತೆ ಎರಡು ನಿಮಿಷಕ್ಕೊಮ್ಮೆ ಕಳಿಸುವ ಕೀಪ್‌ಅಲೈವ್ ಸಂದೇಶವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಪರೀಕ್ಷಿಸಬಹುದೆಂದು ಹಿಗ್ಗಿ ಎಲ್ಲ ಟೆಸ್ಟ್‌ಗಳಿಗೂ ಇದನ್ನು ಹಚ್ಚಿದೆವು, ಕೂಡಲೇ ಅರ್ಧದಷ್ಟು ಟೆಸ್ಟ್‌ಗಳು ಸಮಯ ಮೀರಿತೆಂದು ಸೋತವು. ಕಾರಣ ತಿಳಿಯಲು ಒಂದು ಸಂಜೆ ಹಿಡಿಯಿತು. ನಿಜವಾದ ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದ ತುದಿಯಿಂದ) ಬೈಟ್‌ಗಳು ಇನ್ನೂ ಬರುತ್ತಿರುವಾಗ ಕೂಡ ಟೋಕಿಯೋಗೆ ಆ ಕ್ಷಣದಲ್ಲಿ ಕೆಲಸವಿಲ್ಲವೆಂದೇ ಕಾಣುತ್ತದೆ, ಅದು ಗಡಿಯಾರವನ್ನು ಹತ್ತು ಸೆಕೆಂಡ್ ಮುಂದಕ್ಕೆ ಹಾರಿಸಿ ಟೈಮ್‌ಔಟ್ ಹೊಡೆಸುತ್ತದೆ. ಆದ್ದರಿಂದ ಸಮಯಕ್ಕೆ ಸಂಬಂಧಿಸಿದ ಟೆಸ್ಟ್‌ಗಳಿಗೆ ಮೆಮೊರಿಯೊಳಗಿನ ಡ್ಯೂಪ್ಲೆಕ್ಸ್ (ಎರಡೂ ಕಡೆ ಹರಿಯುವ) ಕೊಳವೆ ಮತ್ತು ನಿಂತ ಗಡಿಯಾರ, ಸಾಕೆಟ್‌ಗೆ ಸಂಬಂಧಿಸಿದ ಟೆಸ್ಟ್‌ಗಳಿಗೆ ನಿಜವಾದ ಗಡಿಯಾರ ಮತ್ತು ಘಟನೆಗಾಗಿ ಕಾಯುವ ಹೆಲ್ಪರ್ ಎಂದು ಬೇರ್ಪಡಿಸಿದೆವು. ಆ ಹೆಲ್ಪರ್ ಕ್ಲೈಂಟ್ ಹೊರಡಿಸುವ ಘಟನೆಗಳನ್ನು ಕೇಳುತ್ತ ಬೇಕಾದದ್ದು ಬಂದ ಕೂಡಲೇ ಮುಂದೆ ಹೋಗುತ್ತದೆ. ಬರದೇ ಹೋದರೆ ಅಲ್ಲಿಯವರೆಗೆ ಏನೇನು ಬಂತು ಎಂಬುದನ್ನೆಲ್ಲ ಬರೆದಿಟ್ಟು ಸೋಲುತ್ತದೆ.

ಸೋತದ್ದು ಎಲ್ಲಿ ಎಂದು ತೋರಿಸುವುದಕ್ಕೆ 2020ರ ಆಗಸ್ಟ್‌ನಲ್ಲಿ ಬಂದ ರಸ್ಟ್ 1.46 ಆವೃತ್ತಿಯಿಂದ ಟ್ರ್ಯಾಕ್ ಕಾಲರ್ ಎಂಬ ಗುರುತು ಲಭ್ಯವಿದೆ. ಹೆಲ್ಪರ್ ಫಂಕ್ಷನ್‌ನ ನೆತ್ತಿಯ ಮೇಲೆ ಅದನ್ನು ಬರೆದರೆ, ಪ್ಯಾನಿಕ್ ಆದ ಜಾಗವೆಂದು ಹೆಲ್ಪರ್‌ನ ಒಳಗಿನ ಸಾಲಿನ ಬದಲು ಅದನ್ನು ಕರೆದ ಟೆಸ್ಟ್‌ನ ಸಾಲು ಕಾಣಿಸುತ್ತದೆ. ಒಂದೇ ಸಾಲಿನ ಈ ತಿದ್ದುಪಡಿ ಉಳಿಸಿದಷ್ಟು ಸಮಯವನ್ನು ದೊಡ್ಡ ಬದಲಾವಣೆಗಳು ಉಳಿಸಿಲ್ಲ. ಹಾಗೆಯೇ ಹೌದು, ಇಲ್ಲ, ಇಲ್ಲ, ಮೂರು ಎಂದು ಸಾಲಾಗಿ ನಿಂತ ಹೆಲ್ಪರ್‌ಗೆ ಕೊಡುವ ಅರ್ಥವಾಗದ ಮೌಲ್ಯಗಳ ಬದಲು, ಹೆಸರಿರುವ ಅಂಶಗಳ ಒಂದು ಸ್ಟ್ರಕ್ಟ್ ಮಾಡಿ, ಆ ಟೆಸ್ಟ್‌ಗೆ ಮುಖ್ಯವಾದ ಒಂದೆರಡನ್ನು ಮಾತ್ರ ಬರೆದು ಉಳಿದವಕ್ಕೆ ಡೀಫಾಲ್ಟ್ ಬಿಟ್ಟೆವು. ಆ ಡೀಫಾಲ್ಟ್ ಟೊರೆಂಟ್‌ನ ಗಾತ್ರ ಈಗ 10,00,000 ಬೈಟ್.

ಇಷ್ಟನ್ನು ಹೇಳಿದ ಮೇಲೆ ನಿಮ್ಮಲ್ಲಿ ಎರಡು ಕೋರಿಕೆಗಳಿವೆ. ಲೇಖನದ ಆ ವಾಕ್ಯಕ್ಕೆ ಮುಂದಿನ ವಾರ ಒಂದು ಸಣ್ಣ ತಿದ್ದುಪಡಿ ಹಾಕಿ. ಕಂಪೈಲರ್ ಮೆಮೊರಿಯ ತಪ್ಪುಗಳನ್ನು ಹಿಡಿಯುತ್ತದೆ, ತಿಳಿವಳಿಕೆಯ ತಪ್ಪುಗಳನ್ನು ಹಿಡಿಯುವುದಿಲ್ಲ ಎಂದರೆ ಸಾಕು. ರಸ್ಟ್ ಕಲಿಯಲು ಹೊರಟ ಹುಡುಗ ಹುಡುಗಿಯರು ನಿಮ್ಮ ಪತ್ರಿಕೆ ಓದಿಯೇ ಆರಂಭಿಸುತ್ತಿರಬಹುದು. ಎರಡನೆಯದು, ನಿಮ್ಮ ಶಿಕ್ಷಣ ಪುರವಣಿಗೆ ಬರೆಯುವ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ ಈ ಮಾತು ತಲುಪಿಸಿ: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅಂಕ ಕೊಡುವಾಗ ವಿದ್ಯಾರ್ಥಿಗಳ ಟೆಸ್ಟ್‌ಗಳನ್ನೂ, ಅವುಗಳ ಹೆಲ್ಪರ್‌ಗಳನ್ನೂ ತೆರೆದು ಓದಬೇಕು, ಆ ನಕಲಿ ಪಿಯರ್ ಯಾರ ಮಾತು ಕೇಳಿ ಬೈಟ್ ಬರೆಯುತ್ತಿದೆ ಎಂದು ವೈವಾದಲ್ಲಿ ಕೇಳಬೇಕು. ಹೊರಗಿನ ಪರೀಕ್ಷಕಿಯಾಗಿ ನಾನು ಒಮ್ಮೆ ಕೂತಿದ್ದಾಗ ಒಂದು ತಂಡ ರಸ್ಟ್‌ನಲ್ಲಿ ಬರೆದ ಪಿಯರ್ ಟು ಪಿಯರ್ ಚಾಟ್ ತೋರಿಸಿತು; ಸ್ಲೈಡ್‌ನಲ್ಲಿ ಎಲ್ಲ ಟೆಸ್ಟ್‌ಗಳೂ ತೇರ್ಗಡೆ ಎಂದು ಹಸಿರಿನಲ್ಲಿ ಬರೆದಿತ್ತು. ಕಡತ ತೆರೆಯಲು ಹೇಳಿದೆ. ಹೊಸ ಲೈಬ್ರರಿ ಆರಂಭಿಸಿದಾಗ ಕಾರ್ಗೋ ತಾನೇ ಬರೆದುಕೊಡುವ ಒಂದೇ ಒಂದು ಟೆಸ್ಟ್ ಅಲ್ಲಿತ್ತು, ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಬರುತ್ತದೆಯೇ ಎಂದು ನೋಡುವಂಥದ್ದು.

ವಂದನೆಗಳೊಂದಿಗೆ,
ತಮ್ಮ ಓದುಗಿ,
ಬೆಂಗಳೂರು